ಗೃಹಾರೋಗ್ಯ ವಿಚಾರ: ದುಡಿಯುವ ಕೈ ಮತ್ತು ಉಗುರಿನ ಆರೈಕೆ

ಕಳೆದ ತಿಂಗಳು ನಮಗೆ ಬಂದ ಓಲೆಗಳಲ್ಲಿ ಒಂದು ರಾಮನಗರದ್ದು. ಬರೆದ ಸೋದರಿಯು ರೇಷ್ಮೆಯ ನೂಲು ಬಿಚ್ಚುವ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವರು. “ಮುಂದಿನ ತಿಂಗಳು ಮಗಳ ಮದುವೆ. ಬಳೆ ತೊಡಿಸುವ ದಿನ ಹತ್ತು ಮಂದಿಯ ಮುಂದೆ ಕೈ ನೀಡಲು ನಾಚಿಕೆಯಾಗುವುದು. ಉಗುರು ಪದರ ಪದರವಾಗಿ ಏಳುತ್ತಿದೆ, ಬೆರಳ ತುದಿಯೆಲ್ಲ ಬಿರಿದಿದೆ. ಉಗುರನ್ನು ಗಟ್ಟಿ ಮಾಡುವ ಕ್ರೀಮು ಅಂಗಡಿಯಲ್ಲಿ ದೊರೆಯುವುದೆಂದು ಹೇಳುವರು. ಯಾವುದನ್ನು ಕೊಳ್ಳಲಿ?” ಎಂದು ಅವರು ಕೇಳಿರುವರು.

ಇದು ಬರಿಯ ಶೃಂಗಾರದ ಮಾತೆಂದು ತಳ್ಳಿಹಾಕುವವರು ಇರಬಹುದು. ನಾವು ಹಾಗೆ ಭಾವಿಸುವುದಿಲ್ಲ. ಕೈಯೇ ಬಂಡವಾಳವಾದವರಿಗೆ ಬಿರಿದ ಬೆರಳೆಂದರೆ ಕಳೆದುಹೋದ ಕೂಲಿ. ಉಗುರಿನ ಬುಡ ಕೀವುಗಟ್ಟಿತೆಂದರೆ ವಾರದ ಉಪವಾಸ. ಅಷ್ಟೇ ಅಲ್ಲದೆ, ಈಗ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯಬೇಕಾದರೂ ಬೆರಳನ್ನು ಯಂತ್ರದ ಮೇಲೆ ಒತ್ತಬೇಕಷ್ಟೆ. ದುಡಿದು ಸವೆದ ಬೆರಳಿನ ಗೆರೆಗಳನ್ನು ಆ ಯಂತ್ರವು ಗುರುತಿಸದೆ ಹೋಗುವುದುಂಟು. ಕಣ್ಣಿನ ಪಾಪೆಯಿಂದಾಗಲಿ, ಮೊಬೈಲಿಗೆ ಬರುವ ಒಟಿಪಿಯಿಂದಾಗಲಿ ಗುರುತು ಹಿಡಿಯುವ ಬದಲಿ ದಾರಿಗಳು ಇದ್ದರೂ, ತನ್ನ ಕೈಯೇ ತನಗೆ ಸಾಕ್ಷಿ ಹೇಳದಿದ್ದಾಗ ಸಾಲಿನಲ್ಲಿ ನಿಂತ ಹೆಂಗಸಿಗೆ ಆಗುವ ಸಂಕಟವು ಸಣ್ಣದಲ್ಲ. ಆದಕಾರಣ ಈ ತಿಂಗಳ ನಮ್ಮ ಪುಟವನ್ನು ಈ ವಿಷಯಕ್ಕೇ ಮೀಸಲಿಟ್ಟಿರುವೆವು.

ನಾಲ್ಕು ಸೀಮೆಯ ಕೈಗಳು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಮೊದಲು ರಾಮನಗರವೂ ಬಳಿಕ ಚನ್ನಪಟ್ಟಣವೂ ಸಿಕ್ಕುವುವು. ದಾರಿಯ ಎಡಕ್ಕೆ ಕನಕಪುರ, ಬಲಕ್ಕೆ ಮಾಗಡಿ. ಈ ನಾಲ್ಕೂ ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರಾಯಿತು. ಹೆಸರು ಏನೇ ಆಗಲಿ, ಇದು ಕೈಕೆಲಸದಿಂದ ಬಾಳುವ ಸೀಮೆ. ಒಂದೊಂದು ಕೆಲಸವೂ ಕೈಯನ್ನು ಒಂದೊಂದು ಬಗೆಯಲ್ಲಿ ಸವೆಸುವುದು.

ರಾಮನಗರದ ಗೂಡಿನ ಮಾರುಕಟ್ಟೆಯ ಹೆಸರನ್ನು ಕೇಳದವರಿಲ್ಲ. ಅಲ್ಲಿಂದ ಕೊಂಡುತಂದ ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸುವರು. ರೇಷ್ಮೆಯ ಎಳೆಯೊಳಗೆ ಎರಡು ವಸ್ತುಗಳಿವೆ: ಒಳಗಿನ ಗಟ್ಟಿ ನಾರು ಫೈಬ್ರಾಯಿನ್, ಅದನ್ನು ಹೊದೆದಿರುವ ಅಂಟು ಸೆರಿಸಿನ್. ಎಳೆಯ ತೂಕದಲ್ಲಿ ನೂರಕ್ಕೆ 20ರಿಂದ 30 ಪಾಲು ಈ ಅಂಟೇ ಆಗಿರುವುದು. ಬಿಸಿನೀರಿಗೆ ಅಂಟು ಮೆತ್ತಗಾದಾಗ, ನೂಲು ಬಿಚ್ಚುವವಳು ಬೆರಳ ತುದಿಯಿಂದ ಎಳೆಯ ಕೊನೆಯನ್ನು ಹುಡುಕಿ, ಹಲವು ಗೂಡುಗಳ ಎಳೆಗಳನ್ನು ಒಂದುಗೂಡಿಸಿ ರಾಟೆಗೆ ಕೊಡುವಳು. ಎಳೆ ಹರಿದಾಗಲೆಲ್ಲ ಬೆರಳು ಮತ್ತೆ ಬಿಸಿನೀರಿಗೆ ಇಳಿಯಬೇಕು. ಕೈಗವಸು ತೊಟ್ಟರೆ ಕೂದಲಿಗಿಂತ ಸಣ್ಣದಾದ ಎಳೆಯು ಬೆರಳಿಗೆ ತಿಳಿಯುವುದಿಲ್ಲ. ಆದುದರಿಂದ ಬರಿಗೈಯೇ ಗತಿ. ನೀರಿನಲ್ಲಿ ಅಂಟಿನ ಜೊತೆಗೆ ಸತ್ತ ಹುಳುವಿನ ಸಾರವೂ ಬೆರೆತಿರುವುದು. ಜರ್ಮನಿ ದೇಶದ ಕಾರ್ಮಿಕ ನಿಯಮವು ದಿನಕ್ಕೆ ಎರಡು ಗಂಟೆಗೆ ಮೀರಿ ಕೈ ನೆನೆದಿರುವ ಕೆಲಸವನ್ನು ಚರ್ಮಕ್ಕೆ ಅಪಾಯಕರವಾದ “ಒದ್ದೆ ಕೆಲಸ”ವೆಂದು ಎಣಿಸಿ, ಅದಕ್ಕೆ ರಕ್ಷಣೆಯನ್ನು ವಿಧಿಸುವುದು. ಬೆಳಗಿನಿಂದ ಸಂಜೆಯವರೆಗೆ ನೀರಿನಲ್ಲಿ ಕೈಯಿಟ್ಟವರ ಪಾಡೇನೆಂಬುದನ್ನು ವಾಚಕರೇ ಊಹಿಸಬಹುದು.

ಕನಕಪುರದ ಕಡೆ ಹುಳು ಸಾಕುವ ಮನೆಗಳಲ್ಲಿ ಕೈಯನ್ನು ಸುಡುವುದು ನೀರಲ್ಲ, ಸುಣ್ಣ. ಹುಳು ಜ್ವರಕ್ಕೆ ಕೂತಾಗ ಹಾಸಿಗೆಯ ಮೇಲೆ ಸುಣ್ಣದ ಪುಡಿಯನ್ನು ಉದುರಿಸುವರು. ಬೆಳೆ ಮುಗಿದ ಮೇಲೆ ಮನೆಯನ್ನೂ ಚಂದ್ರಿಕೆಗಳನ್ನೂ ಬ್ಲೀಚಿಂಗ್ ಪುಡಿಯ ನೀರಿನಿಂದ ಶುದ್ಧಿಮಾಡುವರು. ಚರ್ಮದಲ್ಲಿರುವ ಸ್ವಾಭಾವಿಕವಾದ ಜಿಡ್ಡನ್ನು ಇವೆರಡೂ ಕಿತ್ತು ತೆಗೆಯುವುವು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರ ಬೆರಳನ್ನು ಮರದ ಪುಡಿಯೂ ಉಪ್ಪುಕಾಗದವೂ ತೇಯುವುವು. ಮಾಗಡಿಯ ಹಳ್ಳಿಗಳಲ್ಲಿ ಸಗಣಿ ಬಾಚಿ, ಹಾಲು ಕರೆದು, ರಾಗಿಯ ಹೊಲದಲ್ಲಿ ಕಳೆ ಕಿತ್ತು ಬಂದ ಕೈಯೇ ಮತ್ತೆ ಪಾತ್ರೆ ತಿಕ್ಕುವ ಪುಡಿಯಲ್ಲಿ ಮುಳುಗುವುದು. ಪಾತ್ರೆ ಬಟ್ಟೆಗಳ ಈ ಕೆಲಸವಂತೂ ಯಾವ ಊರಿನ ಹೆಂಗಸಿಗೂ ತಪ್ಪಿದ್ದಲ್ಲ.

ಉಗುರೆಂಬುದು ಯಾವುದು?

ನಾವು ಉಗುರೆಂದು ಕರೆಯುವ ಗಟ್ಟಿ ಹಲ್ಲೆಯು ಜೀವವಿಲ್ಲದ್ದು. ಅದಕ್ಕೆ ರಕ್ತವಿಲ್ಲ, ನರವಿಲ್ಲ; ಆದುದರಿಂದಲೇ ಕತ್ತರಿಸಿದರೆ ನೋಯುವುದಿಲ್ಲ. ಕೆರಾಟಿನ್ ಎಂಬ ವಸ್ತುವು ತೆಳ್ಳನೆಯ ಪದರಗಳಾಗಿ ಒಂದರ ಮೇಲೊಂದು ಕೂತು ಉಗುರಾಗುವುದು. ಅದರ ಹುಟ್ಟು ಬುಡದ ಚರ್ಮದ ಕೆಳಗೆ, ನಮ್ಮ ಕಣ್ಣಿಗೆ ಕಾಣದ ಎಡೆಯಲ್ಲಿ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರು ಬೆಳೆಯುವುದು. ಬುಡದಿಂದ ತುದಿ ಮುಟ್ಟಲು ಹೆಚ್ಚು ಕಡಿಮೆ ಆರು ತಿಂಗಳು ಬೇಕು. ಇಂದು ತುದಿಯಲ್ಲಿ ಸೀಳುತ್ತಿರುವ ಉಗುರು ಆರು ತಿಂಗಳ ಹಿಂದೆ ಹುಟ್ಟಿದ್ದು.

ಇದರಿಂದ ಎರಡು ಸಂಗತಿಗಳು ತಿಳಿಯುವುವು. ಮೊದಲನೆಯದು: ಉಗುರಿನ ಮೇಲೆ ಏನನ್ನು ಹಚ್ಚಿದರೂ ಅದನ್ನು ಉಂಡು ಬಲಿಯುವ ಶಕ್ತಿ ಉಗುರಿಗಿಲ್ಲ. “ಉಗುರಿಗೆ ಆಹಾರ” ಎಂದು ಸೀಸೆಯ ಮೇಲೆ ಅಚ್ಚುಮಾಡಿದ ಮಾತು ಮಾರಾಟದ ಮಾತಷ್ಟೆ. ಎರಡನೆಯದು: ಹುಟ್ಟಿದ ಉಗುರನ್ನು ಕೆಡದಂತೆ ಕಾಯುವುದು ನಮ್ಮ ಕೈಯಲ್ಲಿರುವುದು. ಹೊರಗಿನಿಂದ ಉಗುರಿಗೆ ಬೇಕಾದುದು ಆಹಾರವಲ್ಲ, ಕಾವಲು.

ಯಾವುದರಿಂದ ಕಾವಲು? ಇದನ್ನು ಚನ್ನಪಟ್ಟಣದ ಬೊಂಬೆಯವರನ್ನು ಕೇಳಬೇಕು. ಅವರು ಆಲೆಮರವನ್ನು ಕಡಿದು ತಂದೊಡನೆ ಕಡೆಯಲು ಕೂರುವುದಿಲ್ಲ. ಕೆಲವು ತಿಂಗಳು ಒಣಗಲು ಬಿಡುವರು. ಹಸಿಮರವು ಆರುತ್ತ ಕುಗ್ಗಿ ಬಿರಿಯುವುದೆಂಬುದನ್ನು ಅವರು ಬಲ್ಲರು. ಕಡೆದ ಬಳಿಕ ತಿರುಗುವ ಬೊಂಬೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುವುದು. ಆ ಹೊದಿಕೆಯು ಅಂದವನ್ನು ಕೊಡುವುದಲ್ಲದೆ ತೇವವನ್ನೂ ತಡೆಯುವುದು. ಉಗುರೂ ಮರದಂತೆಯೇ. ನೀರಿನಲ್ಲಿದ್ದಾಗ ನೀರನ್ನು ಹೀರಿ ಉಬ್ಬುವುದು, ಹೊರಗೆ ಬಂದಾಗ ಆರಿ ಕುಗ್ಗುವುದು. ದಿನಕ್ಕೆ ಹತ್ತಾರು ಸಲ ಹೀಗೆ ಉಬ್ಬಿ ಕುಗ್ಗಿದರೆ ಪದರಗಳ ನಡುವಣ ಬೆಸುಗೆ ಸಡಿಲಿ ತುದಿಯು ಸೀಳುವುದು. ಓಲೆ ಬರೆದ ಸೋದರಿಯ ಉಗುರಿಗೆ ಬಂದಿರುವ ಕೇಡು ಇದೇ ಎಂದು ನಮಗೆ ತೋರುವುದು.

ಲೇಪಗಳ ಗುಣ, ಅವುಗಳ ಮಿತಿ

ಅಂಗಡಿಯ ಲೇಪಗಳನ್ನು ಸ್ಥೂಲವಾಗಿ ಮೂರು ಗುಂಪು ಮಾಡಬಹುದು. ನೀರು ಹೆಚ್ಚಾಗಿರುವ ಲೋಷನ್ನು ಹಚ್ಚಲು ಹಿತವಾದರೂ ಬೇಗ ಆರಿಹೋಗುವುದು. ನೀರು ಜಿಡ್ಡು ಎರಡೂ ಬೆರೆತ ಕ್ರೀಮು ನಡುತರದ್ದು. ಬರಿಯ ಜಿಡ್ಡಿನಿಂದಾದ ಮುಲಾಮು ಅಂಟಂಟಾಗಿದ್ದರೂ ಬಿರಿದ ಕೈಗೂ ಸೀಳಿದ ಉಗುರಿಗೂ ಎಲ್ಲಕ್ಕಿಂತ ಹೆಚ್ಚಾಗಿ ಒದಗುವುದು.

ಮುಲಾಮುಗಳಲ್ಲಿ ಅಗ್ಗವಾದುದು ಪೆಟ್ರೋಲಿಯಂ ಜೆಲ್ಲಿ. ಇದರ ಹುಟ್ಟು ಶ್ರೀಮಂತರ ಕನ್ನಡಿಯ ಮುಂದಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಣ್ಣೆಬಾವಿಯ ಕೂಲಿಗಳು ಯಂತ್ರದ ಸರಳಿಗೆ ಮೆತ್ತುತ್ತಿದ್ದ ಮೇಣದಂಥ ಜಿಡ್ಡನ್ನು ತಮ್ಮ ಕೈಯ ಗಾಯಗಳಿಗೆ ಹಚ್ಚಿಕೊಳ್ಳುತ್ತಿದ್ದರು. ಅದನ್ನು ಕಂಡ ರಾಬರ್ಟ್ ಚೀಸ್‌ಬ್ರೋ ಎಂಬಾತನು ಆ ಜಿಡ್ಡನ್ನು ಶುದ್ಧಿಮಾಡಿ, 1872ರಲ್ಲಿ ವ್ಯಾಸ್‌ಲೀನ್ ಎಂಬ ಹೆಸರಿನಿಂದ ಪೇಟೆಂಟು ಪಡೆದನು. ಅದು ಚರ್ಮದ ಒಳಗಿಳಿದು ಪೋಷಿಸುವುದಿಲ್ಲ. ಮೇಲೆ ಮುಚ್ಚಳದಂತೆ ಕೂತು ಒಳಗಿನ ತೇವವು ಆವಿಯಾಗದಂತೆ ತಡೆಯುವುದು. ಕಾವಲೆಂದರೆ ಇದೇ. ಗ್ಲಿಸರಿನ್ನು ತೇವವನ್ನು ಹಿಡಿದಿಡುವುದು. ಕುರಿಯ ಉಣ್ಣೆಯಿಂದ ತೆಗೆದ ಲ್ಯಾನೊಲಿನ್ನು ಜೆಲ್ಲಿಯಂತೆಯೇ ಮುಚ್ಚುವುದು. ನೂರಕ್ಕೆ 10ರಿಂದ 20 ಪಾಲು ಯೂರಿಯಾ ಬೆರೆತ ಕ್ರೀಮು ಒರಟಾದ ದಪ್ಪ ಚರ್ಮವನ್ನು ಮೆತ್ತಗೆ ಮಾಡುವುದು. ಬಿರುಕು ತೆರೆದಿರುವಾಗ ಯೂರಿಯಾ ಉರಿಯುವುದಾದ್ದರಿಂದ ಮೊದಲು ಜೆಲ್ಲಿಯಿಂದ ಬಿರುಕು ಕೂಡಿಕೊಳ್ಳಲಿ.

ಉಗುರನ್ನು “ಗಟ್ಟಿಮಾಡುವ” ದ್ರವಗಳಲ್ಲಿ ಕೆಲವಕ್ಕೆ ಫಾರ್ಮಾಲ್ಡಿಹೈಡನ್ನು ಬೆರೆಸುವುದುಂಟು. ಅದು ಮೊದಲು ಉಗುರನ್ನು ಬಿರುಸು ಮಾಡಿದರೂ ಬಹುಕಾಲ ಹಚ್ಚಿದರೆ ಉಗುರು ಬಾಗುವ ಗುಣವನ್ನು ಕಳೆದುಕೊಂಡು ಬಳಪದಂತೆ ಮುರಿಯುವುದು. ಉಗುರಿನ ಬಣ್ಣದಿಂದ ದೊಡ್ಡ ಕೇಡಿಲ್ಲ. ಅದನ್ನು ತೆಗೆಯುವ ಅಸಿಟೋನು ಮಾತ್ರ ಜಿಡ್ಡನ್ನೆಲ್ಲ ಎಳೆದುಬಿಡುವುದು. ಮದರಂಗಿಯು ಕೆರಾಟಿನ್ನಿಗೆ ಹತ್ತಿ ಬಣ್ಣ ಕೊಡುವುದು, ಉಗುರನ್ನು ಬೆಳೆಸುವುದಿಲ್ಲ. ಆದರೆ ಬೇಗ ಕಪ್ಪಾಗಲೆಂದು ರಾಸಾಯನಿಕ ಬೆರೆಸಿದ ಮದರಂಗಿಯನ್ನು ಬಿರಿದ ಕೈಗೆ ಹಚ್ಚಲೇ ಕೂಡದು. ಮದುವೆಮನೆಯವರು ಇದನ್ನು ನೆನಪಿನಲ್ಲಿಡಬೇಕು.

ಇಲ್ಲಿ ಒಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾರೆವು. ರಾಮನಗರದ ಹೆಂಗಸರು ದಿನವೆಲ್ಲ ಯಾವ ಅಂಟಿನ ನೀರಿನಲ್ಲಿ ಕೈ ನೆನೆಸುವರೋ ಆ ಸೆರಿಸಿನ್ನನ್ನೇ ಶುದ್ಧಿಮಾಡಿ, ತೇವ ಹಿಡಿಯುವ ಗುಣಕ್ಕಾಗಿ ದುಬಾರಿ ಕ್ರೀಮುಗಳಲ್ಲಿ ಸೇರಿಸುವರು. “ಹಾಗಾದರೆ ನಮ್ಮ ಕೈ ಏಕೆ ಬಿರಿಯುವುದು?” ಎಂದು ಯಾರಾದರೂ ಕೇಳಿದರೆ ಉತ್ತರ ಇಷ್ಟೇ: ಶುದ್ಧಿಮಾಡಿದ ಚಿಟಿಕೆಯಷ್ಟು ಅಂಟು ಬೇರೆ, ಕುದಿನೀರು, ಹುಳುವಿನ ಕೊಳೆ, ಎಂಟು ಗಂಟೆಯ ನೆನೆತ, ಇವುಗಳ ಜೊತೆಯಲ್ಲಿ ಬಂದ ಅಂಟು ಬೇರೆ. ಆ ಕ್ರೀಮಿನ ಡಬ್ಬಿಯನ್ನು ಕೊಳ್ಳಲು ಕೂಲಿಯನ್ನು ವ್ಯಯಮಾಡಬೇಕಾಗಿಯೂ ಇಲ್ಲ. ಮುಚ್ಚಿ ಕಾಯುವ ಕೆಲಸಕ್ಕೆ ಅಗ್ಗದ ಜಿಡ್ಡೇ ಸಾಕು.

ಮನೆಯಲ್ಲಿ ಮಾಡಬಹುದಾದ ಮುಲಾಮು

ಜೇನುಮೇಣ 20 ಗ್ರಾಂ, ಕೊಬ್ಬರಿ ಎಣ್ಣೆ 60 ಗ್ರಾಂ, ಹರಳೆಣ್ಣೆ 20 ಗ್ರಾಂ. ಒಂದು ಅಗಲವಾದ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಚಿಕ್ಕ ಬಟ್ಟಲನ್ನಿಟ್ಟು ಮೇಣವನ್ನು ಹೆರೆದು ಹಾಕಬೇಕು. ನೇರವಾಗಿ ಉರಿಯ ಮೇಲೆ ಇಡಬಾರದು. ಮೇಣವು ಹೊತ್ತಿಕೊಳ್ಳುವ ಭಯವುಂಟು. ಮೇಣ ಕರಗಿದ ಮೇಲೆ ಎಣ್ಣೆಗಳನ್ನು ಬೆರೆಸಿ, ಕೆಳಗಿಳಿಸಿ, ಆರುವವರೆಗೆ ಕದಡುತ್ತಿದ್ದು, ಒಣಗಿದ ಡಬ್ಬಿಗೆ ತುಂಬಬೇಕು. ಬೇಸಗೆಯಲ್ಲಿ ತೆಳುವಾದರೆ ಮೇಣವನ್ನು ಸ್ವಲ್ಪ ಹೆಚ್ಚಿಸಬಹುದು. ಇದರಲ್ಲಿ ನೀರಿಲ್ಲದ್ದರಿಂದ ಬೇಗ ಕೆಡುವುದಿಲ್ಲ. ಒದ್ದೆ ಬೆರಳನ್ನು ಮಾತ್ರ ಅದ್ದಬಾರದು. ನಿಂಬೆರಸ, ಅರಿಸಿನ, ಕರ್ಪೂರಗಳನ್ನು ಸೇರಿಸುವ ಆಸೆಯನ್ನು ಬಿಡುವುದು ಲೇಸು. ಬಿರಿದ ಚರ್ಮಕ್ಕೆ ಅವು ಉರಿ ತರುವುವು. ಮೊದಲ ದಿನ ಮೊಣಕೈಯ ಒಳಮಗ್ಗುಲಿಗೆ ತುಸು ಹಚ್ಚಿ, ತುರಿಕೆ ಏಳದಿದ್ದರೆ ಬಳಸಬೇಕು.

ಹಚ್ಚುವ ಕ್ರಮ

ಕೆಲಸ ಮುಗಿದೊಡನೆ ತಣ್ಣೀರು ಇಲ್ಲವೆ ಉಗುರುಬೆಚ್ಚಗಿನ ನೀರಿನಲ್ಲಿ ಕೈ ತೊಳೆದು, ಬೆರಳಸಂದಿಯನ್ನೂ ಬಿಡದೆ ಮೆತ್ತನೆಯ ಬಟ್ಟೆಯಿಂದ ಒತ್ತಿಕೊಳ್ಳಬೇಕು, ಉಜ್ಜಬಾರದು. ಕೈ ಪೂರ್ತಿ ಆರುವ ಮೊದಲೇ ಮುಲಾಮನ್ನು ಹಚ್ಚಬೇಕು. ಏಕೆಂದರೆ ಮುಚ್ಚಳವು ಇರುವ ತೇವವನ್ನು ಉಳಿಸುವುದೇ ಹೊರತು ಇಲ್ಲದ ತೇವವನ್ನು ಕೊಡಲಾರದು. ಅಂಗೈಗೆ ಹಚ್ಚಿ ಬಿಡುವುದು ಸಾಲದು. ಒಂದೊಂದು ಉಗುರಿನ ಮೇಲೂ, ಅದರ ತುದಿಯ ಕೆಳಗೂ, ಬುಡದ ಸುತ್ತಲೂ ತಿಕ್ಕಬೇಕು. ಮಲಗುವಾಗ ಇನ್ನೊಮ್ಮೆ ದಪ್ಪಗೆ ಹಚ್ಚಿ, ಹಳೆಯ ಹತ್ತಿ ಬಟ್ಟೆಯನ್ನು ಸಡಿಲವಾಗಿ ಸುತ್ತಿದರೆ ಗುಣ ಹೆಚ್ಚು. ಜಿಡ್ಡು ಕುಡಿದ ಬಟ್ಟೆಯು ಬೇಗ ಹೊತ್ತಿಕೊಳ್ಳುವುದಾದ್ದರಿಂದ ಅದನ್ನು ಬಿಚ್ಚದೆ ಒಲೆಯ ಬಳಿಗೆ ಹೋಗಕೂಡದು.

ಕೆಲಸಕ್ಕೆ ಮುಂಚೆ ಹಚ್ಚಿದ ಲೇಪವು ಬಿಸಿನೀರಿನಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ; ನೂಲಿಗೂ ಜಿಡ್ಡು ತಾಗುವುದು. ಹುಳು ಸಾಕುವವರು ರಾತ್ರಿಯ ಸೊಪ್ಪು ಹಾಕಿ ಮುಗಿಸಿದ ಮೇಲೆ ಹಚ್ಚಿ, ಬೆಳಗ್ಗೆ ಕೈ ತೊಳೆದೇ ಹುಳುವಿನ ಮನೆಯನ್ನು ಹೋಗಬೇಕು. ಸುಣ್ಣ, ಬ್ಲೀಚಿಂಗ್ ಪುಡಿಯ ಕೆಲಸಕ್ಕೂ ಪಾತ್ರೆ ತೊಳೆಯುವುದಕ್ಕೂ ರಬ್ಬರಿನ ಕೈಗವಸು ಸಲ್ಲುವುದು. ಒಳಗೆ ತೆಳು ಹತ್ತಿಯ ಕವಸಿದ್ದರೆ ಬೆವರು ನಿಲ್ಲುವುದಿಲ್ಲ. ಉಗುರನ್ನು ಬೆರಳಿಗೆ ಸಮನಾಗಿ ಗಿಡ್ಡಗೆ ಕತ್ತರಿಸಬೇಕು. ಬುಡದ ತೆಳುಚರ್ಮವನ್ನು ಕತ್ತರಿಸುವುದಾಗಲಿ ಒತ್ತಿ ಹಿಂದೆ ಸರಿಸುವುದಾಗಲಿ ಸಲ್ಲದು. ಕೊಳೆನೀರು ಒಳಗಿಳಿಯದಂತೆ ದೇವರಿಟ್ಟ ಬಾಗಿಲು ಅದು.

ಒಳಗಿನಿಂದ ಬರುವ ಬಲ

ಉಗುರಿನ ಹುಟ್ಟಿಗೆ ಆಹಾರವು ಸಲ್ಲುವುದು ಬಾಯಿಂದ. ಉಗುರಿನ ಮೇಲೆ ಬಿಳಿಯ ಚುಕ್ಕೆ ಬಿದ್ದರೆ ಸುಣ್ಣದ ಅಂಶ ಸಾಲದೆಂದು ನಮ್ಮ ಹಿರಿಯರು ಹೇಳುವುದುಂಟು. ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ. ಮುದ್ದೆಯುಣ್ಣುವ ಮಾಗಡಿಯವರಿಗೂ ಕನಕಪುರದವರಿಗೂ ಚುಕ್ಕೆ ಬೀಳುವುದೂ ನಿಜ. ಆ ಚುಕ್ಕೆಗಳು ಸಾಮಾನ್ಯವಾಗಿ ಬುಡಕ್ಕೆ ತಗಲಿದ ಸಣ್ಣ ಪೆಟ್ಟಿನ ಗುರುತು. ಉಗುರಿನ ಗಟ್ಟಿತನಕ್ಕೆ ಕೆರಾಟಿನ್ನಿನ ಬಂಧವೇ ಮುಖ್ಯ ಕಾರಣ, ಸುಣ್ಣವಲ್ಲ.

ಉಗುರು ತೆಳುವಾಗಿ, ನಡುವೆ ತಗ್ಗಿ, ಚಮಚದಂತೆ ಅಂಚು ಮೇಲೆದ್ದರೆ ಮಾತ್ರ ಎಚ್ಚರವಹಿಸಬೇಕು; ಅದು ರಕ್ತದಲ್ಲಿ ಕಬ್ಬಿಣದ ಕೊರತೆಯ ಗುರುತಾಗಿರಬಹುದು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಮಂದಿಗೆ ರಕ್ತಹೀನತೆ ಕಂಡುಬಂದಿತು. ಅಂಥವರಿಗೆ ಯಾವ ಮುಲಾಮೂ ಫಲಿಸದು. ಹುರುಳಿ, ಸೊಪ್ಪು, ಮೊಳಕೆಕಾಳು, ತಿನ್ನುವವರಿಗೆ ಮಾಂಸ, ಊಟದ ಜೊತೆಗೆ ನಿಂಬೆಹಣ್ಣು ಇವು ಹಿತ. ಊಟದ ಬೆನ್ನಿಗೇ ಕಾಫಿ ಟೀ ಕುಡಿಯುವುದು ಹಿತವಲ್ಲ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆಯನ್ನು ಮಾಡಿಸಿ, ಹೇಳಿದಂತೆ ಕಬ್ಬಿಣದ ಗುಳಿಗೆಯನ್ನು ತೆಗೆದುಕೊಳ್ಳಬೇಕು. ಉಗುರಿಗೆಂದು ಮಾರುವ ಬಯೋಟಿನ್ ಗುಳಿಗೆಗಳಿಂದ ಕೊರತೆಯಿಲ್ಲದವರಿಗೆ ಲಾಭವುಂಟೆಂಬುದಕ್ಕೆ ಆಧಾರ ತೀರ ಅಲ್ಪ. ಅವು ರಕ್ತಪರೀಕ್ಷೆಯ ಫಲವನ್ನೇ ತಪ್ಪಾಗಿ ತೋರಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2017ರಲ್ಲಿ ಎಚ್ಚರಿಸಿತು.

ವೈದ್ಯರ ಬಳಿಗೆ ಹೋಗಬೇಕಾದ ವೇಳೆ

ಉಗುರುಸುತ್ತು ಆದಾಗ ನಿಂಬೆಹಣ್ಣನ್ನು ಕೊರೆದು ಬೆರಳಿಗೆ ಸಿಕ್ಕಿಸುವ ಪದ್ಧತಿಯು ನಮ್ಮಲ್ಲಿ ಹಳೆಯದು. ತಂಪೆನಿಸಿದರೂ ಹುಳಿಯು ಒಡೆದ ಚರ್ಮವನ್ನು ಸುಡುವುದು. ಒಳಗಿನ ಕೀವಿಗೆ ಅದು ಔಷಧವಲ್ಲ. ಹೊಸದಾಗಿ ಊದಿದಾಗ ದಿನಕ್ಕೆ ಮೂರು ನಾಲ್ಕು ಸಲ ಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ಇಟ್ಟು ಒರಸಬಹುದು. ಕೀವು ಕಂಡರೆ, ಕೆಂಪು ಏರುತ್ತ ಹೋದರೆ, ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆಯವರು ಅಷ್ಟನ್ನೂ ಕಾಯಬಾರದು. ತಿಂಗಳುಗಟ್ಟಲೆ ಬುಡ ಊದಿಕೊಂಡೇ ಇದ್ದರೆ ಆ ಬೆರಳಿಗೆ ಮೊದಲು ಬೇಕಾದುದು ಒಣಗಿರುವಿಕೆ. ಉಗುರು ಹಳದಿಯಾಗಿ ದಪ್ಪಗಾದರೂ, ಒಂದೇ ಉಗುರಿನಲ್ಲಿ ಹೊಸದಾಗಿ ಕಪ್ಪು ಗೆರೆ ಮೂಡಿ ಅಗಲವಾಗುತ್ತಿದ್ದರೂ ಪರೀಕ್ಷೆ ಅಗತ್ಯ. ಅಂಗಡಿಯವರು ಕೇಳಿದೊಡನೆ ಕೊಡುವ “ತುರಿಕೆಯ ಟ್ಯೂಬು”ಗಳಲ್ಲಿ ಬಲವಾದ ಸ್ಟೀರಾಯ್ಡ್ ಇರುವುದುಂಟು. ವೈದ್ಯರ ಮಾತಿಲ್ಲದೆ ಹಚ್ಚುತ್ತ ಹೋದರೆ ಚರ್ಮ ತೆಳುವಾಗಿ, ಹುಳುಕಡ್ಡಿಯಂಥವು ಅಡಗಿ ಬೆಳೆಯುವುವು.

ಮುಲಾಮಿನಿಂದ ಆಗದ ಕೆಲಸ

ಇಷ್ಟನ್ನು ಹೇಳಿ ಹೊಣೆಯನ್ನೆಲ್ಲ ದುಡಿಯುವವಳ ಮೇಲೆಯೇ ಹೊರಿಸಿದರೆ ಅನ್ಯಾಯವಾಗುವುದು. ಬೇಯಿಸಿದ ಗೂಡನ್ನು ಕೈಯಿಂದಲ್ಲದೆ ಜಾಲರಿಯಿಂದ ತೆಗೆಯುವುದು, ಬಾನಿಯ ನೀರನ್ನು ಹೊತ್ತುಹೊತ್ತಿಗೆ ಬದಲಿಸುವುದು, ಪಕ್ಕದಲ್ಲಿ ಶುದ್ಧವಾದ ತಣ್ಣೀರು, ಒಣ ಬಟ್ಟೆ, ಒಂದು ಡಬ್ಬಿ ಮುಲಾಮು ಇಡುವುದು, ಒದ್ದೆ ಕೆಲಸ ಒಣ ಕೆಲಸಗಳನ್ನು ಒಬ್ಬರಿಗೊಬ್ಬರು ಅದಲು ಬದಲು ಮಾಡಿಕೊಳ್ಳುವುದು, ಇವು ಯಜಮಾನರ ಕೈಯಲ್ಲಿರುವ ಸಂಗತಿಗಳು. ಈಚಿನ ವರ್ಷಗಳಲ್ಲಿ ಬಂದ ಸ್ವಯಂಚಾಲಿತ ಯಂತ್ರಗಳಿಂದ ನೀರಿನಲ್ಲಿ ಕೈಯಿಡುವ ಹೊತ್ತು ಕಡಮೆಯಾಗಿರುವುದು ಸಂತೋಷದ ವಿಷಯ. ಆದರೆ ಚಿಕ್ಕ ಮನೆಗಳಿಗೆ ಅವುಗಳ ಬೆಲೆ ಎಟುಕುವಂಥದಲ್ಲ.

ಇನ್ನು ಮಕ್ಕಳ ಮಾತು. ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆಯು 2003ರಲ್ಲಿ ಪ್ರಕಟಿಸಿದ ವರದಿಯು, ಕರ್ನಾಟಕವೂ ಸೇರಿದಂತೆ ನಮ್ಮ ರೇಷ್ಮೆಯ ಕಸುಬಿನಲ್ಲಿ ಸುಡುನೀರಿನೊಳಗೆ ಕೈಯದ್ದುತ್ತಿದ್ದ ಎಳೆಯರ ಬೊಬ್ಬೆಯೆದ್ದ ಬೆರಳುಗಳನ್ನು ಲೋಕಕ್ಕೆ ತೋರಿಸಿತು. 2016ರಲ್ಲಿ ತಿದ್ದುಪಡಿಯಾದ ಕಾಯಿದೆಯು 14 ವರ್ಷದೊಳಗಿನ ಮಕ್ಕಳನ್ನು ಕೂಲಿಗಿಡುವುದನ್ನು ನಿಷೇಧಿಸಿರುವುದು. ಕಾಯಿದೆಗಿಂತ ಮೊದಲು ತಾಯಂದಿರ ಮನಸ್ಸು ಗಟ್ಟಿಯಾಗಬೇಕು. ಆ ಬೆರಳುಗಳಿಗೆ ಬೇಕಾದುದು ಮುಲಾಮಲ್ಲ, ಬಳಪ.

ಕೊನೆಯದಾಗಿ, ರಾಮನಗರದ ಸೋದರಿಗೆ ನಮ್ಮ ಉತ್ತರ. ತಾಯಿ, ಒಂದು ತಿಂಗಳಲ್ಲಿ ಉಗುರು ಗಟ್ಟಿಯಾಗುವುದೆಂದು ಹೇಳಿದರೆ ನಾವು ಸುಳ್ಳಾಡಿದಂತಾಗುವುದು. ಆದರೆ ಚರ್ಮವು ಉಗುರಿಗಿಂತ ಬೇಗ ಮಾಯುವುದು. ಇಂದಿನಿಂದಲೇ ಕ್ರಮವಾಗಿ ಹಚ್ಚಿದರೆ ಮದುವೆಯ ವೇಳೆಗೆ ಬಿರುಕುಗಳು ಬಹುಮಟ್ಟಿಗೆ ಕೂಡಿಕೊಳ್ಳುವುವು. ಉಗುರಿಗೆ ಆರು ತಿಂಗಳ ಕಾಲಾವಕಾಶ ಕೊಡಿರಿ. ಮಗಳು ಹಬ್ಬಕ್ಕೆಂದು ತವರಿಗೆ ಬರುವಷ್ಟರಲ್ಲಿ ಹೊಸ ಉಗುರು ತುದಿಯವರೆಗೆ ಬಂದಿರುವುದು. ಅಲ್ಲಿಯವರೆಗೆ ಬಳೆಯ ದಿನ ಕೈ ನೀಡಲು ನಾಚಬೇಕಾದುದಿಲ್ಲ. ಆ ಮದುವೆಯ ಸೀರೆಯ ಒಂದೊಂದು ಎಳೆಯೂ ನಿಮ್ಮಂಥವರ ಬೆರಳನ್ನು ಹಾದೇ ಬಂದಿರುವುದು. ಅದನ್ನು ಉಟ್ಟವರೇ ನಿಮ್ಮ ಕೈಗೆ ತಲೆಬಾಗಬೇಕು.